ಕಪ್ಪು ಚೌಕದೊಳಗಿನ ಒಡಪು

ಸಣ್ಣ ಊರಿನಲ್ಲಿ ಕಂಪ್ಯೂಟರ್ ಬಲ್ಲವನೆಂದು ಹೆಸರು ಪಡೆಯುವುದು ಸುಲಭ; ಆ ಹೆಸರನ್ನು ಕಳೆದುಕೊಳ್ಳುವುದೇ ಕಷ್ಟ. ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಮನೆ ಶಹಾಬಾದದಲ್ಲಿ. ಒಂದು ಬೇಸಿಗೆ ರಜೆಯಲ್ಲಿ ಗುಲ್ಬರ್ಗದಲ್ಲಿ ಮಾಸ್ತರರಿಗೆಲ್ಲ ಕಂಪ್ಯೂಟರ್ ತರಬೇತಿ ಕೊಟ್ಟರು. ನಾನು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಅರೆನಿದ್ದೆಯಲ್ಲಿ ಎಷ್ಟು ಕಿವಿಗೆ ಬಿತ್ತೋ ಅಷ್ಟನ್ನು ಹೊತ್ತುಕೊಂಡು ಬಂದೆ. ಆಮೇಲೆ ಬಿಡಿಭಾಗಗಳನ್ನು ಜೋಡಿಸಿದ ಒಂದು ಕಂಪ್ಯೂಟರನ್ನೂ ಮನೆಗೆ ತಂದದ್ದರಿಂದ ಓಣಿಯವರೆಲ್ಲ ನನ್ನನ್ನು ಇಂಜಿನಿಯರನೆಂದೇ ತಿಳಿದರು. ಯಾರ ಮನೆಯಲ್ಲಿ ಏನು ಕೆಟ್ಟರೂ ನನಗೆ ಕರೆ. ನಾನು ಹೋಗಿ ಅದನ್ನು ಆರಿಸಿ ಮತ್ತೆ ಹಚ್ಚುತ್ತಿದ್ದೆ. ಅದು ತಾನಾಗಿ ಸರಿಹೋದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಹೋಗದಿದ್ದರೆ "ವೈರಸ್ ಅದ" ಎಂದು ಹೇಳಿ ಅವರು ಕೊಟ್ಟ ಚಹ ಕುಡಿದು ಬರುತ್ತಿದ್ದೆ. ಇದೇ ಹೆಸರಿನಲ್ಲಿ ನಿವೃತ್ತನಾಗುವವರೆಗೂ ಕಾಲ ಹಾಕಬಹುದಿತ್ತು, ನಮ್ಮಪ್ಪ ತೀರಿಕೊಳ್ಳದಿದ್ದರೆ.

ಅಪ್ಪ ವಾಡಿ ಸ್ಟೇಶನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ಮಾತು ಕಡಿಮೆ, ಹೆಂಡತಿಯೊಡನೆ ಇನ್ನೂ ಕಡಿಮೆ. ಅವ್ವನ ಹೆಸರು ಪದ್ಮಾವತಿ ಎಂಬುದು ನನಗೆ ತಿಳಿದದ್ದು ಸಾಲೆಗೆ ಹೋಗಲಿಕ್ಕೆ ಶುರುಮಾಡಿದ ಮೇಲೆ. ಅಪ್ಪ ಅವಳನ್ನು ಕರೆಯಬೇಕಾದರೆ ಕೆಮ್ಮುತ್ತಿದ್ದರು. ನೀರು ಬೇಕಾದರೆ ಒಂದು ಕೆಮ್ಮು, ಚಹಕ್ಕೆ ಇನ್ನೊಂದು, ಸಿಟ್ಟು ಬಂದಾಗ ಕೆಮ್ಮೇ ಇಲ್ಲ. ಅವ್ವ ಎಲ್ಲಕ್ಕೂ ಸರಿಯಾಗಿ ಓಗೊಡುತ್ತಿದ್ದಳು. ಒಮ್ಮೆ ರೇಶನ್ ಕಾರ್ಡಿನ ಆಫೀಸಿನಲ್ಲಿ "ಮನಿಯವರ ಹೆಸರು ಏನ್ರಿ" ಎಂದು ಕೇಳಿದಾಗ ಅಪ್ಪ ನನ್ನ ಕಡೆ ತಿರುಗಿ "ಹೇಳೋ" ಎಂದಿದ್ದರು. ಅವ್ವನೂ ಅಷ್ಟೇ. ಅವಳ ಬಾಯಲ್ಲಿ ಅಪ್ಪ ಎಂದರೆ "ಅವರು". ಬೇರೆ ಯಾವ ಗಂಡಸಿನ ಸುದ್ದಿ ನಡೆದಿರುವಾಗಲೂ "ಅವರು" ಎಂದರೆ ನಮ್ಮಪ್ಪನೇ ಎಂದು ನಾವು ತಿಳಿದುಕೊಳ್ಳಬೇಕಿತ್ತು.

ಇಂಥ ಅಪ್ಪ ಜೀವಮಾನದಲ್ಲಿ ಒಂದು ಸಲ ಅವ್ವನ ಹೆಸರನ್ನು ನಾಲ್ಕು ಜನರೆದುರು ಹೇಳಿದ್ದರು. ಅದು ನನ್ನ ತಂಗಿ ಸುಧಾಳ ಮದುವೆಯಲ್ಲಿ. ಬೀಗರ ಹಟಕ್ಕೆ ಮದುವೆ ಸೇಡಮ್ಮಿನಲ್ಲೇ ಆಯಿತು. ಊಟ ಮುಗಿದು ಎಲೆಯಡಿಕೆಗೆ ಕೂತಾಗ ಹೆಂಗಸರು ವಧೂವರರಿಗೆ ಒಡಪು ಹೇಳಲು ಹಚ್ಚಿದರು. ನಮ್ಮ ಕಡೆ ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ನೇರವಾಗಿ ಹೇಳುವ ಹಾಗಿಲ್ಲ. ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಹೆಸರನ್ನು ಕೂಡಿಸಿ ಹೇಳಿಬಿಡಬಹುದು. ಹುಡುಗ ಹುಡುಗಿಯ ಸರದಿ ಮುಗಿಯಿತು. ಬೀಗಿತಿ ಅಪ್ಪನ ದಾರಿಗೆ ಅಡ್ಡ ನಿಂತು, "ಬೀಗರ, ಹೆಸರು ಹೇಳಿದ್ರನ ಬಿಡ್ತೀವ್ರಿ, ಇಲ್ಲಾಂದ್ರ ಇಲ್ಲೇ ಕುಂದ್ರಿ" ಎಂದಳು. ಅಪ್ಪ ಕೆಮ್ಮಿದರು. ಅದು ಬೀಗಿತಿಯ ಹತ್ತಿರ ನಡೆಯಲಿಲ್ಲ. ಕಡೆಗೆ ಶಲ್ಯ ಸರಿಮಾಡಿಕೊಂಡು, ಪಾರ್ಸೆಲ್ ಆಫೀಸಿನಲ್ಲಿ ಗಾಡಿ ಬರುವ ಹೊತ್ತು ಹೇಳುವ ದನಿಯಲ್ಲಿ ಹೇಳಿದರು:

"ವಾಡಿ ಸ್ಟೇಶನ್ನಿಗಿ ಬರ್ತಾವ ಮೂರೂ ದಿಕ್ಕಿನ ಗಾಡಿ,
ಪದ್ಮಾವತಿ ಇದ್ದ ದಿಕ್ಕಿಗೇ ನಾ ಹೋಗ್ತೀನಿ ಓಡಿ."

ಒಡಪಿನಲ್ಲಿ ನಾಲ್ಕೂ ದಿಕ್ಕು ಎಂದಿದ್ದರೆ ಕೇಳಲಿಕ್ಕೆ ಚೆಂದ. ಆದರೆ ವಾಡಿಯಲ್ಲಿ ಗಾಡಿಗಳು ಕೂಡುವುದು ಮೂರೇ ದಿಕ್ಕಿನಿಂದ. ರೈಲ್ವೆಯ ಮನುಷ್ಯ ಪ್ರಾಸಕ್ಕಾಗಲೀ ಪ್ರೀತಿಗಾಗಲೀ ಇಲ್ಲದ ಹಳಿ ಹಾಕಲಿಲ್ಲ. ಹೆಂಗಸರೆಲ್ಲ ನಕ್ಕು ನಕ್ಕು ಸುಸ್ತಾದರು. ಈಗ ನಿನ್ನ ಪಾಳಿ ಎಂದು ಅವ್ವನನ್ನು ಹಿಡಿಯಹೋದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಯವರ ಕಡೆಗೆ ಓಡಿಬಿಟ್ಟಳು. ನಾನು ಆ ಹೊತ್ತಿನಲ್ಲಿ ಛತ್ರದ ಹೊರಗೆ ಟೆಂಪೋದವನೊಡನೆ ಜಗಳಕ್ಕೆ ನಿಂತಿದ್ದೆ. ಹೀಗಾಗಿ ಇದನ್ನೆಲ್ಲ ನಾನು ಕಂಡದ್ದು ಮದುವೆಯ ಸೀಡಿಯಲ್ಲಿ.

ಸೀಡಿಯ ಕಥೆಯನ್ನೂ ಹೇಳಿಬಿಡಬೇಕು. ವಿಡಿಯೋದವನು ಎರಡು ಪ್ರತಿ ಮಾಡಿಕೊಟ್ಟಿದ್ದ. ಸುಧಾಳದನ್ನು ಯಾರೋ ಚಿಂಚೋಳಿಗೆ ಒಯ್ದವರು ತಿರುಗಿ ತರಲಿಲ್ಲ. ವಿಡಿಯೋದವನು ಅಂಗಡಿ ಮುಚ್ಚಿ ಊರನ್ನೇ ಬಿಟ್ಟ. ಉಳಿದದ್ದು ನಮ್ಮದೊಂದೇ. ಅದರ ಮೇಲ್ಮೈಗೆ ಒಂದು ಕಾಗದದ ಚಿತ್ರ ಅಂಟಿಸಿದ್ದರು: ನಡುವೆ ವಧೂವರರು, ಅಕ್ಕಪಕ್ಕ ಎರಡೂ ಕಡೆಯ ಹಿರಿಯರು, ಬಲಗಡೆ ಅಪ್ಪ ಮತ್ತು ಅವ್ವ. ಆ ವರ್ಷ ಖಂಡೇನವಮಿಗೆ ಮನೆಯ ಆಯುಧಗಳ ಜೊತೆ ಕಂಪ್ಯೂಟರಿಗೂ ಪೂಜೆಯಾಯಿತು. ಮಾನಿಟರಿಗೆ ಗಂಧ, ಕೀಬೋರ್ಡಿಗೆ ಹೂವು. ಅದರೊಳಗೆ ಹೋಗುವ ಸಾಮಾನಲ್ಲವೇ ಎಂದು ಅವ್ವ ಮದುವೆಯ ಸೀಡಿಯನ್ನೂ ತಂದಿಟ್ಟಳು. ಕುಂಕುಮ ಹಚ್ಚಲು ಹೋದ ಬೆರಳು ನಡುವೆ ನಿಂತಿತು. ಚಿತ್ರದಲ್ಲಿದ್ದವರೆಲ್ಲ ಬದುಕಿದ್ದಾರೆ, ಬದುಕಿದ್ದವರ ಫೋಟೋಕ್ಕೆ ಯಾರಾದರೂ ಕುಂಕುಮ ಹಚ್ಚುತ್ತಾರೆಯೇ? ಕೂಡಲೇ ಸೀಡಿಯನ್ನು ಬೋರಲು ಹಾಕಿ, ಹೊಳೆಯುವ ಬೆನ್ನಿಗೆ ಅರಿಶಿನ, ಕುಂಕುಮ, ಗಂಧ ಎಲ್ಲವನ್ನೂ ಧಾರಾಳವಾಗಿ ಹಚ್ಚಿ ನಮಸ್ಕಾರ ಮಾಡಿದಳು. ಮರುದಿನ ಒಣಗಿದ ಗಂಧವನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆದಳು. ನಮ್ಮ ಊರಿನ ಬಟ್ಟೆಯಲ್ಲಿ ಎಷ್ಟು ಒಗೆದರೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪುಡಿ ಇದ್ದೇ ಇರುತ್ತದೆ. ಮುಂದಿನ ಮುಖದಲ್ಲಿದ್ದವರ ಆಯುಷ್ಯ ಉಳಿಸಲು ಹೋಗಿ ಹಿಂದಿನ ಮುಖದ ಆಯುಷ್ಯ ತೀರಿತು.

ಅಪ್ಪ ಮರುವರ್ಷ ಶ್ರಾವಣದಲ್ಲಿ ಹೋದರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಒಂದು ಸಲ ಕೆಮ್ಮಿ, ಗೋಡೆಗೆ ಒರಗಿದರು. ಅವ್ವ ಚಹ ಹಿಡಿದುಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಅವ್ವ ಹೆಚ್ಚು ಅಳಲಿಲ್ಲ. ಆದರೆ ಆಮೇಲೆ ಎಷ್ಟೋ ತಿಂಗಳು, ಹಾದಿಯಲ್ಲಿ ಯಾರಾದರೂ ಗಂಡಸರು ಕೆಮ್ಮಿದರೆ ಅಡಿಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳು.

ವರ್ಷಾಂತಿಕ ಕಳೆದ ಮೇಲೆ ಒಂದು ದಿನ ಅವ್ವ ನನ್ನ ಹತ್ತಿರ ಬಂದು, "ರಘು, ಸುಧಾನ ಮದಿವಿ ಸೀಡಿ ಹಚ್ಚತಿಯೇನು. ಧಾರಿ ಸೀರಿ ಅಂಚು ಯಾವ ಬಣ್ಣದ್ದು ಇತ್ತು ಅಂತ ನೋಡಬೇಕಾಗೇದ" ಎಂದಳು. ಆ ಸೀರೆ ಸುಧಾ ಬಿಟ್ಟುಹೋದದ್ದು, ನಮ್ಮ ಟ್ರಂಕಿನಲ್ಲೇ ಇತ್ತು. ತೆಗೆದುಕೊಡಲೇ ಎಂದು ಕೇಳಿದೆ. ನನ್ನ ಹೆಂಡತಿ ವೀಣಾ ನನ್ನನ್ನು ಒಳಗೆ ಕರೆದು, "ಗಣಿತ ಕಲಸೋರಿಗೆ ಇಷ್ಟೂ ತಿಳಿಯಂಗಿಲ್ಲೇನ್ರಿ. ಅವರಿಗೆ ಸೀರಿ ಬೇಕಾಗಿಲ್ಲ, ಹೆಸರು ಕೇಳಬೇಕಾಗೇದ" ಎಂದಳು. ನಾನು ಇಂಜಿನಿಯರನಲ್ಲವೇ, "ಅದೇನು ದೊಡ್ಡ ಕೆಲಸ, ಈಗ ಹಚ್ಚತೀನಿ" ಎಂದು ಸೀಡಿಯನ್ನು ಹಾಕಿದೆ. ಅದು ಕಲ್ಲು ಕೊಯ್ಯುವ ಮಿಷನ್ನಿನ ಹಾಗೆ ಅಬ್ಬರಿಸಿತು. ಅಂಟಿಸಿದ ಕಾಗದ ಒಂದು ಕಡೆ ಎದ್ದು ಸೀಡಿ ವಾಲಾಡುತ್ತಿತ್ತು. ಚಿತ್ರ ಬರುತ್ತಿತ್ತು, ನಿಲ್ಲುತ್ತಿತ್ತು, ಚೌಕ ಚೌಕವಾಗಿ ಒಡೆಯುತ್ತಿತ್ತು, ಮತ್ತೆ ನಡೆಯುತ್ತಿತ್ತು. ಒಡಪಿನ ಭಾಗ ಬರುವ ಮೊದಲೇ ವೀಣಾ, "ನಿಲ್ಲಸ್ರಿ. ಇನ್ನೊಮ್ಮಿ ಓಡ್ತದೋ ಇಲ್ಲೋ. ಮದಲ ಉಳಿಸಿ ಇಟ್ಕೋರಿ" ಎಂದಳು.

ಉಳಿಸುವುದೆಂದರೆ ನಕಲು ಮಾಡುವುದು. ನಕಲು ಮಾಡಹೋದರೆ ಕಂಪ್ಯೂಟರ್ ಅರ್ಧಕ್ಕೆ ನಿಂತು, ಓದಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ತೊಳೆದುಕೊಂಡಿತು. ನಮ್ಮ ಸಾಲೆಯ ವಿಜ್ಞಾನದ ಮಾಸ್ತರರು ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಲು ಹೇಳಿದರು. ತಿಕ್ಕಿದೆ. ಸೀಡಿಗೆ ಪುದೀನದ ವಾಸನೆ ಬಂತು, ಬೇರೆ ಯಾವ ಫಲವೂ ಕಾಣಲಿಲ್ಲ. ಆಗ ನನಗೇ ಹೊಳೆಯಿತು: ನಕಲು ಮಾಡಲು ಬಿಡದಿದ್ದರೇನಂತೆ, ಕುಂಟುತ್ತಲಾದರೂ ಪರದೆಯ ಮೇಲೆ ಓಡುತ್ತದಲ್ಲ, ಪರದೆಯ ಮೇಲೆ ಓಡುವುದನ್ನೇ ರೆಕಾರ್ಡ್ ಮಾಡಿಕೊಂಡರೆ ಆಯಿತು. ಅಂಥದೊಂದು ಪ್ರೋಗ್ರಾಮನ್ನು ಸೈಬರ್ ಕೆಫೆಯಿಂದ ಇಳಿಸಿ ತಂದೆ. ಪುಕ್ಕಟೆಯದು, ಸ್ವಲ್ಪ ಹೊತ್ತು ಮಾತ್ರ ಓಡುತ್ತಿತ್ತು, ಮತ್ತು ಎಲ್ಲದರ ಮೇಲೂ ಅಡ್ಡಲಾಗಿ "ಟ್ರಯಲ್" ಎಂದು ಬರೆಯುತ್ತಿತ್ತು. ಒಡಪಿಗೆ ಅಷ್ಟು ಹೊತ್ತು ಸಾಕು.

ಪ್ರಯೋಗಕ್ಕೆಂದು ಮೊದಲು ಅಕ್ಷತೆಯ ಭಾಗವನ್ನು ರೆಕಾರ್ಡ್ ಮಾಡಿದೆ. ಆಮೇಲೆ ಹಚ್ಚಿ ನೋಡಿದರೆ ಚಿತ್ರ ಸೊಗಸಾಗಿ ಬಂದಿತ್ತು. ಅವ್ವನನ್ನು ಕರೆದೆ, ವೀಣಾಳನ್ನು ಕರೆದೆ, ಪಕ್ಕದ ಮನೆಯವರನ್ನೂ ಕರೆದೆ. ಎಲ್ಲರೂ ಬಂದು ನಿಂತ ಮೇಲೆ, ಹಿಂದೆ ಸೀಡಿಯ ಕಿಟಕಿ ತೆರೆದೇ ಇದೆಯಲ್ಲ ಎಂದು ಅದನ್ನು ಮುಚ್ಚಿದೆ. ಮುಚ್ಚಿದ್ದೇ ತಡ, ರೆಕಾರ್ಡಿನಲ್ಲಿದ್ದ ಮದುವೆ ಪೂರ್ತಿ ಮಾಯವಾಗಿ ಅಲ್ಲೊಂದು ಕಪ್ಪು ಚೌಕ ಉಳಿಯಿತು. ಸುತ್ತ ಕಿಟಕಿಯ ಅಂಚು, ಕೆಳಗೆ ಗುಂಡಿಗಳು, ಮೇಲೆ ಇಂಗ್ಲಿಷಿನಲ್ಲಿ ಸುಧಾಳ ಹೆಸರು, ನಡುವೆ ಕತ್ತಲೆ, ಕತ್ತಲೆಯ ಮೇಲೆ "ಟ್ರಯಲ್". ನಾವು ನೋಡಿದ್ದು ರೆಕಾರ್ಡ್ ಮಾಡಿದ್ದನ್ನಲ್ಲ, ಆ ಕಪ್ಪು ಚೌಕದ ತೂತಿನಿಂದ ಹಿಂದೆ ಓಡುತ್ತಿದ್ದ ಸೀಡಿಯನ್ನೇ. ಪಕ್ಕದ ಮನೆಯವರು, "ಸಂಜಿಗಿ ಬರ್ತೀವ್ರಿ, ಆವಾಗ ತೋರಸ್ರಿ" ಎಂದು ಮರ್ಯಾದೆಯಿಂದ ಹೋದರು. ಅವ್ವ ಮಾತ್ರ ಚೌಕವನ್ನು ನೋಡುತ್ತಾ ಕೂತಿದ್ದಳು. "ಎಲ್ಲಾರೂ ಎದ್ದು ಹೋದ್ರೇನೋ" ಎಂದು ಕೇಳಿದಳು.

ಮುಂದಿನ ಕೆಲವು ವಾರ ನಾನು ಸಾಲೆಯಲ್ಲಿ ಲಸಾಅ ಕಲಿಸುತ್ತ ಮನಸ್ಸಿನಲ್ಲಿ ಕಪ್ಪು ಚೌಕದ ಜೊತೆ ಹೆಣಗುತ್ತಿದ್ದೆ. ವೈರಸ್ ಇರಬಹುದೆಂದು ಮೊದಲ ಬಾರಿಗೆ ಪ್ರಾಮಾಣಿಕವಾಗಿ ಅನುಮಾನಪಟ್ಟೆ. ಕಡೆಗೆ ಕೆಫೆಯಲ್ಲಿ ಹುಡುಕಿದಾಗ, ನನ್ನಂಥ ದುಃಖಿಗಳು ಜಗತ್ತಿನ ಎಲ್ಲ ಕಡೆ ಇದ್ದಾರೆಂದು ತಿಳಿಯಿತು. ಸೀಡಿಯ ಚಿತ್ರವನ್ನು ವಿಡಿಯೋ ಕಾರ್ಡ್ ನೇರವಾಗಿ ಮಾನಿಟರಿಗೆ ಬಿಡುತ್ತದಂತೆ, ರೆಕಾರ್ಡ್ ಮಾಡುವವನ ಕೈಗೆ ಸಿಗುವುದು ಅದರ ಖಾಲಿ ಜಾಗವಷ್ಟೇ. ಡಿಸ್‌ಪ್ಲೇ ಸೆಟ್ಟಿಂಗಿನ ಒಳಗಿನ ಒಳಗೆ ಒಂದು ಎಳೆಯುವ ಗುಂಡಿ ಇದೆ, ಅದನ್ನು ಪೂರ್ತಿ ಎಡಕ್ಕೆ ಎಳೆಯಬೇಕಂತೆ. ಮನೆಗೆ ಬಂದು ಎಳೆದೆ. ಚಿತ್ರ ಬಂತು, ಕಿಟಕಿ ಮುಚ್ಚಿದರೂ ಉಳಿಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ದನಿ ಬಂದಿರಲಿಲ್ಲ. ಎಲ್ಲರೂ ಬಾಯಿ ತೆರೆದು ಮುಚ್ಚುತ್ತಿದ್ದರು, ಒಬ್ಬರಿಗೂ ಸ್ವರವಿರಲಿಲ್ಲ. ನಮಗೆ ಬೇಕಾದದ್ದು ಸ್ವರವೇ.

ನಮ್ಮ ಕಂಪ್ಯೂಟರಿನ ಅಗ್ಗದ ಸೌಂಡ್ ಕಾರ್ಡಿಗೆ ತನ್ನದೇ ದನಿಯನ್ನು ತಾನು ಕೇಳಿಸಿಕೊಳ್ಳುವ ಸವಲತ್ತು ಇರಲಿಲ್ಲ. ಹೊರಗಿನ ಮೈಕಿನ ಮೂಲಕವಷ್ಟೇ ಅದಕ್ಕೆ ಕಿವಿ. ಹಾಗಾದರೆ ಮೈಕನ್ನು ಸ್ಪೀಕರಿನ ಮುಂದೆ ಹಿಡಿದು ರೆಕಾರ್ಡ್ ಮಾಡುವುದೆಂದು ತೀರ್ಮಾನಿಸಿದೆ. ಇದಕ್ಕೆ ಮನೆಯಲ್ಲಿ ನಿಶ್ಶಬ್ದ ಬೇಕು. ಶಹಾಬಾದದಲ್ಲಿ ನಿಶ್ಶಬ್ದ ಎಲ್ಲಿಂದ ತರುವುದು? ನಮ್ಮ ಹಿತ್ತಲಿನ ಗೋಡೆಗೆ ಹತ್ತಿಯೇ ಫರಸಿ ಕೊಯ್ದು ಪಾಲಿಶ್ ಮಾಡುವ ಯಾರ್ಡು. ಕರೆಂಟು ಇದ್ದಾಗ ಅಲ್ಲಿ ಮಿಷನ್ನು ನಡೆದಿರುತ್ತದೆ. ಮಿಷನ್ನು ನಿಂತಿದೆ ಎಂದರೆ ಕರೆಂಟು ಹೋಗಿದೆ ಎಂದರ್ಥ, ಆಗ ಕಂಪ್ಯೂಟರೂ ಇಲ್ಲ. ಒಂದಿದ್ದರೆ ಇನ್ನೊಂದಿಲ್ಲ. ಇದನ್ನು ಬಗೆಹರಿಸಿದವಳು ವೀಣಾ. "ಅಮಾಸಿ ದಿನ ಕಲ್ಲಿನವರು ಕೆಲಸಕ್ಕ ಬರಂಗಿಲ್ಲರಿ. ಅವತ್ತು ಮಾಡ್ರಿ" ಎಂದಳು. ಅಮಾವಾಸ್ಯೆಯ ದಿನ ಹೊಸ ಕೆಲಸಕ್ಕೆ ಕೈ ಹಾಕುವುದೇ ಎಂದು ನಾನು ಅನುಮಾನಿಸಿದೆ. "ಹೊಸಾದು ಏನದ ಇದರಾಗ. ಎಲ್ಲಾ ಹಳೇದಽ ಅಲ್ಲೇನು" ಎಂದು ಅವ್ವ ಅಂದಳು.

ಹೀಗೆ ಒಂದು ಅಮಾವಾಸ್ಯೆ ಬೆಳಿಗ್ಗೆ ಅಪ್ಪನಿಗೆ ತರ್ಪಣ ಬಿಟ್ಟು, ಮಧ್ಯಾಹ್ನ ಅವರನ್ನು ಕಂಪ್ಯೂಟರಿಗೆ ಏರಿಸಲು ಕೂತೆ. ಯಾರ್ಡು ಬಿಕೋ ಎನ್ನುತ್ತಿತ್ತು. ಗೋಡೆ ಗಡಿಯಾರವನ್ನು ಇಳಿಸಿ ಹಾಸಿಗೆಯಲ್ಲಿ ಸುತ್ತಿಟ್ಟೆ. ಫ್ಯಾನು ಆರಿಸಿದೆ. ಫೋನಿನ ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟೆ. ವೀಣಾಳಿಗೆ ಕುಕ್ಕರ್ ಇಡಕೂಡದೆಂದು ಅಪ್ಪಣೆ ಮಾಡಿದೆ. ಸಿಮೆಂಟಿನ ಗೂಡ್ಸ್ ಗಾಡಿಯೊಂದು ದಾಟಿಹೋಗಲೆಂದು ಕಾದೆ. ಒಮ್ಮೆ ತಾಲೀಮು ಇರಲೆಂದು ಮತ್ತೆ ಅಕ್ಷತೆಯ ಭಾಗವನ್ನೇ ಹಚ್ಚಿದೆ. ಗುಂಡಿಯನ್ನು ಎಡಕ್ಕೆ ಎಳೆದಿದ್ದರಿಂದ ಚಿತ್ರ ತಡೆತಡೆದು ಬರುತ್ತಿತ್ತು. ಅಪ್ಪ ಅಕ್ಷತೆ ಎರಚಲು ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವ್ವ ಮೆಲ್ಲಗೆ, "ಅವರಿಗಿ ತ್ರಾಸ ಆಗಲಿಕತ್ತದ ನೋಡು" ಎಂದಳು. ಅವಳ ಮುಖ ನೋಡಲಾಗಲಿಲ್ಲ. ಗುಂಡಿಯನ್ನು ಮತ್ತೆ ಬಲಕ್ಕೆ ಸರಿಸಿದೆ, ಅಪ್ಪನ ಕೈ ಇಳಿದು ಅಕ್ಷತೆ ಬಿತ್ತು, ಅವ್ವನಿಗೆ ಸಮಾಧಾನವಾಯಿತು. ಆ ಗುಂಡಿಯನ್ನು ತಿರುಗಿ ಎಡಕ್ಕೆ ಎಳೆಯುವುದನ್ನು ನಾನು ಮರೆತೆ.

ರೆಕಾರ್ಡಿಂಗ್ ಶುರುವಾಯಿತು. ಎಡಗೈಯಲ್ಲಿ ಮೈಕು, ಬಲಗೈಯಲ್ಲಿ ಮೌಸು, ಮೈಯೆಲ್ಲ ಬೆವರು. ಸೀಡಿ ಒಳಗೆ ಗರ್ರೆಂದು ಒದರುತ್ತಿತ್ತು. ಬೀಗಿತಿ ಅಡ್ಡ ನಿಂತಳು. ಅಪ್ಪ ಕೆಮ್ಮಿದರು. ನನ್ನ ಹಿಂದೆ ಕೂತಿದ್ದ ಅವ್ವ ಎದ್ದು ನಿಂತದ್ದು ನನಗೆ ಗೊತ್ತಾಯಿತು. ಅಪ್ಪ ಶಲ್ಯ ಸರಿಮಾಡಿಕೊಂಡು, "ವಾಡಿ ಸ್ಟೇಶನ್ನಿಗಿ ಬರ್ತಾವ" ಎಂದು ಹೇಳತೊಡಗಿದಾಗ ನನ್ನ ಬೆನ್ನ ಹಿಂದೆ ಪಿಸುಮಾತು ಕೇಳಿಸಿತು. ಅವ್ವ ಅಪ್ಪನ ಜೊತೆಜೊತೆಗೆ ಒಡಪು ಹೇಳುತ್ತಿದ್ದಳು. ಒಂದಕ್ಷರ ತಪ್ಪಿಲ್ಲದೆ, ಉಸಿರಿನಷ್ಟು ಸಣ್ಣ ದನಿಯಲ್ಲಿ, "ಮೂರೂ ದಿಕ್ಕಿನ ಗಾಡಿ" ಎಂದಳು. ಇಷ್ಟು ವಾರದ ಶ್ರಮ ಹಾಳಾಗುತ್ತದಲ್ಲ ಎಂದು ನನಗೆ ತಡೆಯಲಾರದ ಸಿಟ್ಟು ಬಂತು. ಹಿಂದಿರುಗಿ ನೋಡದೆ, ಕ್ಲಾಸಿನಲ್ಲಿ ಗದರಿಸುವ ದನಿಯಲ್ಲಿ ಗದರಿಸಿದೆ. ಅವ್ವ ಸುಮ್ಮನಾದಳು. ಅಷ್ಟರಲ್ಲಿ ಒಡಪು ಮುಗಿದು ಹೆಂಗಸರು ನಗುತ್ತಿದ್ದರು. ಆ ನಗುವಿನ ನಡುವೆಯೇ ಕಂಪ್ಯೂಟರಿನೊಳಗೆ ಏನೋ ಸಿಡಿಯಿತು. ಟ್ರೇ ತೆರೆಯಲಿಲ್ಲ. ನಾನು ಸ್ಕ್ರೂ ಬಿಚ್ಚಿ ಡ್ರೈವನ್ನು ಹೊರತೆಗೆದು ಬೋರಲು ಹಾಕಿದೆ. ಫರಸಿಯ ಮೇಲೆ ಸೀಡಿಯ ಚೂರುಗಳು ಉದುರಿದವು. ಅಪ್ಪ ಅವ್ವ ಇದ್ದ ಕಾಗದದ ತುಂಡು ಮಾತ್ರ ಹರಿಯದೆ ಉಳಿದಿತ್ತು. ಅವ್ವ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ಹೋಗಲಿ ಬಿಡ್ರಿ, ರೆಕಾರ್ಡ್ ಆಗೇದಲ್ಲ" ಎಂದಳು ವೀಣಾ. ಆಗಿತ್ತು. ಹಚ್ಚಿದೆ. ಕಪ್ಪು ಚೌಕ ಬಂತು. ನಾನು ಮೌಸನ್ನು ಅತ್ತಿತ್ತ ಓಡಾಡಿಸಿದೆ, ಹಿಂದೆ ತೆರೆದಿಡಲು ಈಗ ಸೀಡಿಯೇ ಇರಲಿಲ್ಲ. ಕತ್ತಲೆಯಲ್ಲಿ ಬೀಗಿತಿಯ ದನಿ ಬಂತು, ಅಪ್ಪನ ಕೆಮ್ಮು ಬಂತು. "ವಾಡಿ ಸ್ಟೇಶನ್ನಿಗಿ ಬರ್ತಾವ ಮೂರೂ ದಿಕ್ಕಿನ ಗಾಡಿ" ಎಂಬುದು ಅಪ್ಪ ಮತ್ತು ಅವ್ವ ಇಬ್ಬರ ದನಿಯಲ್ಲೂ ಒಟ್ಟಿಗೆ ಬಂತು. ಮೈಕು ಹಿಡಿದವನು ನಾನೇ, ಮೈಕಿಗೆ ಎಲ್ಲರಿಗಿಂತ ಹತ್ತಿರದ ಬಾಯಿಯೂ ನನ್ನದೇ. ಒಡಪಿನಲ್ಲಿ ಹೆಸರು ಇರಬೇಕಾದ ಜಾಗದಲ್ಲಿ, ಕೋಣೆ ಅದುರುವ ಹಾಗೆ, "ಅವ್ವಾ, ಸುಮ್ಮ ಕೂಡು, ಮಾತಾಡಬ್ಯಾಡ" ಎಂದು ನಾನು ಒದರಿದ್ದೆ. ಅದರಾಚೆಗೆ ಅಪ್ಪನ ದನಿ ಮತ್ತೆ ಹೊರಬಂದು "ನಾ ಹೋಗ್ತೀನಿ ಓಡಿ" ಎಂದಿತು. ಹೆಂಗಸರು ನಕ್ಕರು.

ನಾನು ತಲೆ ಎತ್ತಲಿಲ್ಲ. ಅವ್ವ, "ಆತು ಬಿಡು. ಮುಂದಿಂದು ಬಂದದಲ್ಲ, ಓಡಿ ಅಂದಿದ್ದು" ಎಂದಳು. ಆ ಮಾತು ಕೇಳಿ ನಾನು ಅತ್ತೆ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ವೀಣಾ ನನ್ನನ್ನು ಬಿಟ್ಟು ಅವ್ವನಿಗೆ ಸಮಾಧಾನ ಹೇಳಲು ಹೋದಳು. "ಆ ಜಾಗಾ ಬಂದಾಗ ನೀವಽ ಹೆಸರು ಅಂದುಬಿಡ್ರಿ ಅತ್ತೀ, ಒಡಪು ಪೂರಾ ಆಗ್ತದ" ಎಂದು ಸೂಚಿಸಿದಳು. ಅವ್ವ ತಲೆಯಾಡಿಸಿ, "ನನ್ನ ಹೆಸರು ನಾನಽ ಅಂದುಕೊಂಡ್ರ ಅದಕ್ಕೇನು ರುಚಿ ಇರ್ತದ" ಎಂದಳು.

ಈಗ ಆ ಕಂಪ್ಯೂಟರ್ ಹೋಗಿ ಬೇರೆಯದು ಬಂದಿದೆ. ಕಪ್ಪು ಚೌಕದ ಕಡತವನ್ನು ಹೊಸದಕ್ಕೂ ಹಾಕಿಕೊಂಡಿದ್ದೇನೆ. ಯಾರದಾದರೂ ಸೀಡಿ ಕೆಟ್ಟರೆ ಇಂದಿಗೂ ನನ್ನನ್ನೇ ಕರೆಯುತ್ತಾರೆ, ನಾನು ಹೋಗಿ ಯಾವ ಗುಂಡಿಯನ್ನು ಎತ್ತ ಎಳೆಯಬೇಕೆಂದು ತಪ್ಪಿಲ್ಲದೆ ಹೇಳಿ ಚಹ ಕುಡಿದು ಬರುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೊಮ್ಮೆ ಅವ್ವ ಬಂದು "ಅದನ್ನ ಹಚ್ಚು" ಅನ್ನುತ್ತಾಳೆ. ಹಚ್ಚುತ್ತೇನೆ. ಅವಳು ಕತ್ತಲೆಯ ಚೌಕದ ಮುಂದೆ ಕೂತು ಅಪ್ಪನ ಜೊತೆ ಗಾಡಿಯ ಸಾಲನ್ನು ಹೇಳುತ್ತಾಳೆ. ಅಷ್ಟರಲ್ಲಿ ಸ್ಪೀಕರಿನಿಂದ ನಾನು ಗದರಿಸುತ್ತೇನೆ. ಅವ್ವ ಥಟ್ಟನೆ ತುಟಿ ಮುಚ್ಚುತ್ತಾಳೆ. ಮಗ ಹುಟ್ಟಿದಾಗಿನಿಂದ ಅವನು ಹೇಳಿದ ಒಂದು ಮಾತನ್ನೂ ಕೇಳದವಳು, ಇದೊಂದನ್ನು ಮಾತ್ರ ಪ್ರತಿ ಸಲವೂ ತಪ್ಪದೆ ಕೇಳುತ್ತಾಳೆ.